ಆರನೇ ಬತ್ತಿ

“ಒಳ್ಳೆ ಟೈಮಿಂಗ್ ಮೇಡಂ” ಅಂತ ಮೊನ್ನೆ ಇನ್ನೊಬ್ಬರು ಹೇಳಿದರು. ಪೀಣ್ಯ ಎರಡನೇ ಹಂತದ ಒಂದು ಚಿಕ್ಕ ವರ್ಕ್‌ಶಾಪಿನ ಆಫೀಸ್ ರೂಮಿನಲ್ಲಿ ಕೂತಿದ್ದೆ. ಕಟಿಂಗ್ ಟೂಲ್ಸ್ ಮಾರಲು ಬಂದಿದ್ದ ಸೇಲ್ಸ್‌ನವರು ಮಾಲೀಕರಿಗೆ ಕಾಯುತ್ತಾ ಗೋಡೆ ನೋಡುತ್ತಿದ್ದರು. ಗೋಡೆಯ ಮೇಲೆ ವೆಂಕಟರಮಣನ ಪಟ, ಬ್ಯಾಂಕಿನವರು ಕೊಟ್ಟ ಕ್ಯಾಲೆಂಡರ್, ಅದರ ಪಕ್ಕ ನಾನು ತೆಗೆದ ಎರಡು ಫೋಟೋ. ಒಂದರಲ್ಲಿ ಬ್ಯಾಂಕ್ ಮ್ಯಾನೇಜರ್ ದೀಪ ಹಚ್ಚುತ್ತಿದ್ದಾರೆ. ಬತ್ತಿ ಆಗ ತಾನೇ ಹೊತ್ತಿಕೊಳ್ಳುತ್ತಿದೆ. ಅವರ ಮುಖದ ಮೇಲೆ ಬೆಳಕು, ತುಟಿಯಲ್ಲಿ ಸಣ್ಣ ನಗು. ಪಕ್ಕದಲ್ಲಿ ಮಾಲೀಕರು ಕೈ ಜೋಡಿಸಿ ನಿಂತಿದ್ದಾರೆ. ಸರಿಯಾಗಿ ಆ ಗಳಿಗೆ ಹಿಡಿದಿದ್ದೀರಿ ಅಂತ ನೋಡಿದವರೆಲ್ಲ ಹೇಳುತ್ತಾರೆ. ನಾನು ಥ್ಯಾಂಕ್ಸ್ ಅನ್ನುತ್ತೇನೆ. ಇನ್ನೇನು ಹೇಳಲಿ?

ಆ ಗಳಿಗೆಯನ್ನು ನಾನು ಹಿಡಿಯಲೇ ಇಲ್ಲ. ಅದು ಯಾವತ್ತೋ ಕೈ ತಪ್ಪಿ ಹೋಗಿದೆ. ಗೋಡೆ ಮೇಲಿರುವುದು ಬೇರೆ ಏನೋ. ಇನ್ನೊಂದು ಫೋಟೋ ಇದಕ್ಕಿಂತ ದೊಡ್ಡದು, 30 ಇಂಚು ಅಗಲ, 20 ಇಂಚು ಎತ್ತರ. ವರ್ಕ್‌ಶಾಪಿನವರೆಲ್ಲ ಮೂರು ಸಾಲಾಗಿ ಇದ್ದಾರೆ. ಅದರ ಬಗ್ಗೆ ಯಾರೂ ಏನೂ ಹೇಳುವುದಿಲ್ಲ. ಒಂದು ಸಲ ನೋಡುತ್ತಾರೆ, ಕಣ್ಣು ಕಿರಿದು ಮಾಡುತ್ತಾರೆ, ಕನ್ನಡಕ ಇದ್ದವರು ಸರಿ ಮಾಡಿಕೊಳ್ಳುತ್ತಾರೆ, ಆಮೇಲೆ ಮತ್ತೆ ದೀಪದ ಫೋಟೋಗೆ ಬರುತ್ತಾರೆ. ಎರಡು ಫೋಟೋಗಳ ನಡುವೆ ಹೆಚ್ಚೆಂದರೆ ಒಂದೂವರೆ ಗಂಟೆಯ ಅಂತರ. ಆ ಒಂದೂವರೆ ಗಂಟೆ ಎಂಟು ತಿಂಗಳಿಂದ ನನ್ನ ತಲೆಯಲ್ಲಿ ಕೂತಿದೆ.

ಹಕ್ಕಿ ತೆಗೆಯುವವಳು

ನಾನು ಫೋಟೋಗ್ರಾಫರ್ ಅಲ್ಲ. ರಾಜಾಜಿನಗರದ ಒಂದು ಆಡಿಟರ್ ಆಫೀಸಿನಲ್ಲಿ ಕೆಲಸ. ಈ ವರ್ಕ್‌ಶಾಪಿನ ಲೆಕ್ಕ ನಾಲ್ಕು ವರ್ಷದಿಂದ ನನ್ನ ಟೇಬಲ್ ಮೇಲಿದೆ. ಪ್ರತಿ ತಿಂಗಳು 15ರೊಳಗೆ ಪಿಎಫ್ ಮತ್ತು ಇಎಸ್‌ಐ (ಕಾರ್ಮಿಕರ ವಿಮೆ), 20ರೊಳಗೆ ಜಿಎಸ್‌ಟಿ. ಅಲ್ಲಿ ಕೆಲಸ ಮಾಡುವ 22 ಜನರ ಹೆಸರು ನನಗೆ ಬಾಯಿಪಾಠ. ಯಾರ ಆಧಾರ್‌ನಲ್ಲಿ ಹೆಸರಿನ ಸ್ಪೆಲ್ಲಿಂಗ್ ತಪ್ಪಿದೆ, ಯಾರ ಸಂಬಳ 21 ಸಾವಿರ ದಾಟಿ ಇಎಸ್‌ಐಯಿಂದ ಹೊರಗೆ ಬಂದರು, ಯಾರು ನಾಮಿನಿ ಜಾಗದಲ್ಲಿ ಹೆಂಡತಿಯ ಬದಲು ತಾಯಿಯ ಹೆಸರು ಕೊಟ್ಟಿದ್ದಾರೆ, ಎಲ್ಲ ಗೊತ್ತು. ಮುಖ ಮಾತ್ರ ಗೊತ್ತಿರಲಿಲ್ಲ. ಫೈಲ್ ತರಲು ಹೋದಾಗ ಆಫೀಸ್ ರೂಮಿನವರೆಗೆ ಮಾತ್ರ ಹೋಗುತ್ತಿದ್ದೆ. ಗಾಜಿನ ಆಚೆ ಯಾರೋ ನೀಲಿ ಶರ್ಟಿನವರು ಓಡಾಡುತ್ತಿದ್ದರು.

ಭಾನುವಾರ ಬೆಳಗ್ಗೆ ಲಾಲ್‌ಬಾಗ್ ಕೆರೆ ಹತ್ತಿರವೋ ಹೆಸರಘಟ್ಟದ ಕಡೆಗೋ ಹೋಗಿ ಹಕ್ಕಿ ಫೋಟೋ ತೆಗೆಯುವುದು ನನ್ನ ಹುಚ್ಚು. ತೆಗೆದದ್ದನ್ನು ವಾಟ್ಸಾಪ್ ಸ್ಟೇಟಸ್‌ಗೆ ಹಾಕುತ್ತೇನೆ. ಒಂದು ಮಿಂಚುಳ್ಳಿ ಚೆನ್ನಾಗಿ ಬಂದಿತ್ತು. ಅದನ್ನು ನೋಡಿ ಮಾಲೀಕರು ಫೋನ್ ಮಾಡಿದರು. “ಮೇಡಂ, ಫೆಬ್ರವರಿಗೆ ನಮ್ದು 25 ವರ್ಷ ಆಗ್ತಿದೆ. ಶೆಡ್‌ನಲ್ಲೇ ಒಂದು ಸಣ್ಣ ಫಂಕ್ಷನ್. ಹೊಸ ಸಿಎನ್‌ಸಿ ಮಶೀನಿಗೂ ಅವತ್ತೇ ಪೂಜೆ. ನೀವೇ ಫೋಟೋ ತೆಗ್ದುಬಿಡಿ.” ನನಗೆ ಫಂಕ್ಷನ್ ಫೋಟೋ ಅಭ್ಯಾಸ ಇಲ್ಲ ಅಂದೆ. “ಹಾರೋ ಹಕ್ಕೀನೇ ಹಿಡೀತೀರ, ನಿಂತಿರೋ ಜನರನ್ನ ಹಿಡಿಯೋಕೆ ಆಗಲ್ವಾ?” ಅಂದರು. ಆ ಮಾತಿಗೆ ಉಬ್ಬಿಹೋದೆ. ಒಪ್ಪಿಕೊಂಡೆ.

ತಯಾರಿ ಜೋರಾಗಿಯೇ ಮಾಡಿದೆ. ಹಕ್ಕಿಗೆ ಇಟ್ಟುಕೊಂಡಿರುವ ಉದ್ದ ಲೆನ್ಸ್ ಇಲ್ಲಿ ಕೆಲಸಕ್ಕೆ ಬಾರದು ಅಂತ ಗೊತ್ತಿತ್ತು. ಗೆಳತಿಯ ಗಂಡನ ಫುಲ್ ಫ್ರೇಮ್ ಕ್ಯಾಮೆರಾ ಕೇಳಿ ತಂದೆ. ಜೊತೆಗೆ 50 ಎಂಎಂ ಲೆನ್ಸ್. ಅದರ ಅಪರ್ಚರ್, ಅಂದರೆ ಬೆಳಕು ಒಳಗೆ ಬರುವ ಕಿಂಡಿ, 1.8ರವರೆಗೆ ತೆರೆಯುತ್ತದೆ (ನಂಬರು ಚಿಕ್ಕದಾದಷ್ಟೂ ಕಿಂಡಿ ದೊಡ್ಡದು), ಕತ್ತಲಲ್ಲೂ ನಡೆಯುತ್ತದೆ ಅಂತ ಹೇಳಿದ್ದರು. ಫ್ಲ್ಯಾಶ್ ಬಾಡಿಗೆಗೆ ತಂದೆ. ಅದಕ್ಕೆ ನಾಲ್ಕು ಪೆನ್ಸಿಲ್ ಸೆಲ್ ಬೇಕು. ನಾಲ್ಕೇ ತಂದೆ. ಈ ಒಂದು ವಾಕ್ಯ ನೆನಪಿಟ್ಟುಕೊಳ್ಳಿ.

ಹಿಂದಿನ ದಿನ ಮನೆಯಲ್ಲಿ ಪ್ರಾಕ್ಟೀಸ್ ಮಾಡಿದೆ. ಫ್ಲ್ಯಾಶನ್ನು ಜನರ ಮುಖಕ್ಕೆ ಹೊಡೆಯಬಾರದು, ತಾರಸಿಗೆ ತಿರುಗಿಸಿ ಹೊಡೆಯಬೇಕು, ಬೆಳಕು ಬಿಳಿ ಸೀಲಿಂಗಿಗೆ ಬಡಿದು ಮೆತ್ತಗೆ ಕೆಳಗಿಳಿಯುತ್ತದೆ. ಅಮ್ಮನನ್ನು ಸೋಫಾ ಮೇಲೆ ಕೂರಿಸಿ ನಲವತ್ತು ಫೋಟೋ ತೆಗೆದೆ. ಸೊಗಸಾಗಿ ಬಂದವು. ನಮ್ಮ ಮನೆ ಸೀಲಿಂಗ್ ಹತ್ತು ಅಡಿ. ವರ್ಕ್‌ಶಾಪಿನ ಮಾಡು ಇಪ್ಪತ್ತು ಅಡಿಗೂ ಮೇಲೆ, ಧೂಳು ಹಿಡಿದ ಶೀಟು. ಅದು ನನಗೆ ಹೊಳೆದದ್ದು ಮಾರನೇ ದಿನ ಅಲ್ಲಿ ಹೋಗಿ ತಲೆ ಎತ್ತಿ ನೋಡಿದಾಗ.

ದೀಪ

ಮೆಟ್ರೋದಲ್ಲಿ ಪೀಣ್ಯ ಇಂಡಸ್ಟ್ರಿಯಲ್ಲಿ ಇಳಿದು ಆಟೋ ಹಿಡಿದು ಒಂಬತ್ತೂವರೆಗೆ ಹೋದೆ. ಶೆಡ್ ಗುರುತೇ ಸಿಗದಷ್ಟು ಚೆಂದ ಮಾಡಿದ್ದರು. ನೆಲ ತೊಳೆದಿದ್ದರು. ಮಶೀನುಗಳಿಗೆ ಸೇವಂತಿಗೆ ಹಾರ. ಬಾಗಿಲಿಗೆ ಬಾಳೆಕಂದು. ಪ್ಯಾಲೆಟ್‌ಗಳನ್ನು ಜೋಡಿಸಿ ಮೇಲೆ ಕೆಂಪು ಕಾರ್ಪೆಟ್ ಹಾಸಿ ವೇದಿಕೆ ಮಾಡಿದ್ದರು. ಒಂದು ಮೂಲೆಯಲ್ಲಿ ಮಾಲೀಕರು ಮೊದಲು ಕೊಂಡಿದ್ದ ಹಳೆಯ ಎಚ್‌ಎಂಟಿ ಲೇತ್, ಲೋಹ ಕಡೆಯುವ ಮಶೀನು. 1953ರಲ್ಲಿ ಜಾಲಹಳ್ಳಿಯಲ್ಲಿ ಶುರುವಾದ ಕಾರ್ಖಾನೆಯ ಹೆಸರು ಹೊತ್ತ ಮಶೀನು ಅಲ್ಲಿಂದ ಕೂಗಳತೆ ದೂರದಲ್ಲಿ ಇನ್ನೂ ತಿರುಗುತ್ತಿದೆ. ಅದಕ್ಕೆ ಎಲ್ಲಕ್ಕಿಂತ ದಪ್ಪ ಹಾರ ಹಾಕಿದ್ದರು. ಊದುಬತ್ತಿ ಹೊಗೆಯ ಒಳಗೆ ಕೂಲೆಂಟ್ ವಾಸನೆ ಹಾಗೇ ಇತ್ತು. ಪಕ್ಕದ ಶೆಡ್‌ಗೆ ರಜೆ ಇರಲಿಲ್ಲ. ಅವರ ಪವರ್ ಪ್ರೆಸ್ ಧಡ್, ಧಡ್ ಅಂತ ಬಡಿಯುತ್ತಲೇ ಇತ್ತು.

ಮೊದಲ ಹತ್ತು ಫೋಟೋದಲ್ಲೇ ಬೆವರಿಳಿಯಿತು. ಎಲ್ಲದರಲ್ಲೂ ಅಡ್ಡ ಪಟ್ಟೆ. ಜೀಬ್ರಾ ಹಾಗೆ. ಕ್ಯಾಮೆರಾ ಕೆಟ್ಟಿತು ಅಂದುಕೊಂಡೆ. ಕೆಟ್ಟಿದ್ದು ನನ್ನ ಲೆಕ್ಕ. ನಮ್ಮ ಕರೆಂಟು 50 ಹರ್ಟ್ಸ್. ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ, ನಮ್ಮ ಕಣ್ಣಿಗೆ ಅದು ಗೊತ್ತಾಗುವುದಿಲ್ಲ. ಹಕ್ಕಿ ತೆಗೆಯುವ ಅಭ್ಯಾಸದಲ್ಲಿ ನಾನು ಶಟರ್ ಸ್ಪೀಡನ್ನು ಮೇಲೆ ಇಟ್ಟಿದ್ದೆ. ಒಂದು ಪೂರ್ತಿ ಮಿಣುಕು ಒಳಗೆ ಬರುವ ಹಾಗೆ 1/100 ಸೆಕೆಂಡಿಗೆ ಇಳಿಸಿದೆ. ಪಟ್ಟೆ ಹೋಯಿತು. ಇದೊಂದು ನನಗೆ ಅವತ್ತು ಸಿಕ್ಕ ಗೆಲುವು. ಇಷ್ಟು ಹೊತ್ತಿಗೆ ಮಾಡಿಗೆ ತಿರುಗಿಸಿ ಹೊಡೆದ ಫ್ಲ್ಯಾಶ್ ಬೆಳಕು ವಾಪಸ್ ಬರುವುದಿಲ್ಲ ಅಂತಲೂ ಖಾತ್ರಿಯಾಗಿತ್ತು. ಫುಲ್ ಪವರ್‌ಗೆ ಇಟ್ಟು ಮುಖಕ್ಕೇ ಹೊಡೆಯಲು ಶುರು ಮಾಡಿದೆ. ಫುಲ್ ಪವರ್‌ನಲ್ಲಿ ಒಂದು ಸಲ ಹೊಡೆದರೆ ಮತ್ತೆ ತಯಾರಾಗಲು ಅದಕ್ಕೆ ಕೆಲವು ಸೆಕೆಂಡ್ ಬೇಕು. ಸೆಲ್ ಇಳಿದಷ್ಟೂ ಕಾಯುವುದು ಜಾಸ್ತಿ. ಹತ್ತೂವರೆಗೆ ಬರಬೇಕಿದ್ದ ಮುಖ್ಯ ಅತಿಥಿ, ಅಂದರೆ ಹೊಸ ಮಶೀನಿಗೆ ಸಾಲ ಕೊಟ್ಟ ಬ್ಯಾಂಕ್ ಮ್ಯಾನೇಜರ್, ಹನ್ನೆರಡಕ್ಕೆ ಬಂದರು. ಅಲ್ಲಿಯವರೆಗೆ ನಾನು ರಂಗೋಲಿ, ಬಾಳೆಕಂದು, ಹಾರ, ಲೇತ್, ಕೇಟರಿಂಗ್‌ನವರ ಪಾತ್ರೆ ಎಲ್ಲಕ್ಕೂ ಫ್ಲ್ಯಾಶ್ ಹೊಡೆದು ಸೆಲ್ ಖರ್ಚು ಮಾಡಿದ್ದೆ.

ಅವರು ಬಂದ ಕೂಡಲೇ ಎಲ್ಲ ಓಟದಲ್ಲಿ ನಡೆಯಿತು. ಮಾಲೀಕರ ಮಗಳು ಪ್ರಾರ್ಥನೆ ಹಾಡಿದಳು. ಹಾರ ಹಾಕಿದರು, ನಾನು ಹೊಡೆದೆ. ನಿರೂಪಣೆ ಮಾಡುತ್ತಿದ್ದ ಹುಡುಗಿ “ಈಗ ಗಣ್ಯರಿಂದ ದೀಪ ಬೆಳಗುವ ಕಾರ್ಯಕ್ರಮ” ಅಂದಳು. ಮ್ಯಾನೇಜರ್ ಮೇಣದಬತ್ತಿ ಹಿಡಿದು ಬಗ್ಗಿದರು. ನಾನು ಬಟನ್ ಒತ್ತಿದೆ. ಕ್ಲಿಕ್ ಅಂತು, ಬೆಳಕು ಬರಲಿಲ್ಲ. ಫ್ಲ್ಯಾಶ್ ಹಿಂದಿನ ಕೆಂಪು ದೀಪ ಇನ್ನೂ ಹತ್ತಿರಲಿಲ್ಲ. ಇನ್ನೊಂದು ಸಲ ಒತ್ತಿದೆ. ಇಲ್ಲ. ಅಷ್ಟರಲ್ಲಿ ಮೇಣದಬತ್ತಿ ಮಾಲೀಕರ ಕೈಗೆ, ಅವರ ಅಮ್ಮನ ಕೈಗೆ, ಇನ್ನಿಬ್ಬರ ಕೈಗೆ ಹೋಯಿತು. ಐದೂ ಬತ್ತಿ ಹೊತ್ತಿದವು. ಚಪ್ಪಾಳೆ. ಸ್ಕ್ರೀನ್ ನೋಡಿದರೆ ಕಪ್ಪು ಚೌಕ, ಅದರ ನಡುವೆ ಒಂದು ಚುಕ್ಕಿ ಬೆಂಕಿ.

ಬಾಯಿಗೆ ಬಂದದ್ದು ಹೇಳಿಬಿಟ್ಟೆ. “ಸರ್, ಸರ್, ಫೋಟೋ ಬಂದಿಲ್ಲ. ಒಂದು ಸಲ ಆರಿಸಿ ಮತ್ತೆ ಹಚ್ತೀರಾ?”

ನಮ್ಮ ಮನೆಯಲ್ಲೂ ದೀಪ ‘ಆರಿಸು’ ಅನ್ನುವುದಿಲ್ಲ. ಶಾಂತ ಮಾಡು ಅನ್ನುತ್ತೇವೆ. ಚಿಕ್ಕಂದಿನಲ್ಲಿ ಇದಕ್ಕೇ ಅಜ್ಜಿಯಿಂದ ಬೈಸಿಕೊಂಡಿದ್ದೇನೆ. 25 ವರ್ಷ ನಡೆದ ಒಂದು ವ್ಯಾಪಾರದ ಶುಭ ಕಾರ್ಯದಲ್ಲಿ, ಮೈಕ್ ಹತ್ತಿರ ನಿಂತು, ಆಗ ತಾನೇ ಹಚ್ಚಿದ ದೀಪ ಆರಿಸಿ ಅಂತ ಹೇಳಿದ್ದೆ. ಮಾಲೀಕರ ಅಮ್ಮ ನನ್ನನ್ನು ನೋಡಿದರು. ಸಿಟ್ಟಿನಿಂದಲ್ಲ. ಈ ಹುಡುಗಿ ಯಾರ ಮನೆಯದು ಅನ್ನುವ ಹಾಗೆ ನೋಡಿದರು. ಯಾರೂ ಮಾತಾಡಲಿಲ್ಲ. ಪಕ್ಕದ ಶೆಡ್ಡಿನ ಧಡ್, ಧಡ್ ಮಾತ್ರ. ಆಗ ಹಿಂದಿನಿಂದ ಆಯಮ್ಮ ಬಂದರು. ಆಫೀಸ್ ಗುಡಿಸಿ ಒರೆಸಿ ಟೀ ಕೊಡುವವರು. ಸೆರಗಿಗೆ ಕೈ ಒರೆಸಿಕೊಂಡು, ತಟ್ಟೆಯಿಂದ ಒಂದು ಹತ್ತಿ ಬತ್ತಿ ತೆಗೆದು, ಎಣ್ಣೆಯಲ್ಲಿ ಅದ್ದಿ, ಎರಡು ಬೆರಳಲ್ಲಿ ಹಿಂಡಿ, ಉರಿಯುತ್ತಿದ್ದ ಬತ್ತಿಗಳ ನಡುವೆ ಜಾಗ ಮಾಡಿ ಇಟ್ಟರು. “ಇದನ್ನ ಹಚ್ಚಿ ಸಾರ್” ಅಂದರು. ಅಷ್ಟೇ. ವಾಪಸ್ ಹೋದರು.

ಮ್ಯಾನೇಜರ್ ಮತ್ತೆ ಬಗ್ಗಿದರು. ಈ ಸಲ ಕೆಂಪು ದೀಪ ಹತ್ತುವವರೆಗೆ ಎಲ್ಲರೂ ಕಾದರು. ಅವರು ಮೇಣದಬತ್ತಿಯನ್ನು ಬತ್ತಿಗೆ ತಾಗಿಸದೆ ಅರ್ಧ ಇಂಚು ದೂರದಲ್ಲಿ ಹಿಡಿದು, ನನ್ನ ಕಡೆ ನೋಡದ ಹಾಗೆ ನೋಡುತ್ತಾ, ಸಣ್ಣಗೆ ನಗುತ್ತಾ ನಿಂತರು. ಪಾಪ, ಅಭ್ಯಾಸ ಇದ್ದವರು. ಹೂಂ ಅಂದೆ. ತಾಗಿಸಿದರು. ಹೊಡೆದೆ. ಗೋಡೆ ಮೇಲಿರುವುದು ಅದು. ಎಣಿಸಿದರೆ ಅದರಲ್ಲಿ ಆರು ಉರಿ ಇವೆ. ಯಾರು ಎಣಿಸುತ್ತಾರೆ?

ಹೀಗೆ ನೋಡಿ ಸರ್

ಹಕ್ಕಿಗೂ ಜನರಿಗೂ ಇರುವ ವ್ಯತ್ಯಾಸ ಅವತ್ತು ಗೊತ್ತಾಯಿತು. ಹಕ್ಕಿ ಹತ್ತಿರ ನಾನು ಕಾಯಬೇಕು. ಇಲ್ಲಿ ಜನ ನನಗೆ ಕಾಯುತ್ತಾರೆ. ದೀಪದ ಪ್ರಕರಣ ಆದಮೇಲೆ ಇಡೀ ಕಾರ್ಯಕ್ರಮ ನನ್ನ ಫ್ಲ್ಯಾಶಿನ ಕೆಂಪು ದೀಪದ ತಾಳಕ್ಕೆ ನಡೆಯಿತು. ಶಾಲು ಹೊದಿಸುವವರು ಅರ್ಧ ಹೊದಿಸಿ ನಿಲ್ಲುತ್ತಿದ್ದರು. ಹೊದಿಸಿಕೊಳ್ಳುವವರು ಅರ್ಧ ಬಗ್ಗಿ ನಿಲ್ಲುತ್ತಿದ್ದರು. ಇಬ್ಬರೂ ಕತ್ತು ಹೊರಳಿಸಿ ನನ್ನನ್ನು ನೋಡುತ್ತಿದ್ದರು. ಶಾಲು ಕೊಡುವವರು ತಗೊಳ್ಳುವವರನ್ನು ನೋಡುತ್ತಿರುವ ಒಂದೇ ಒಂದು ಫೋಟೋ ನನ್ನ ಹತ್ತಿರ ಇಲ್ಲ. ನಮ್ಮ ಕಡೆಯ ಸನ್ಮಾನದ ಫೋಟೋಗಳನ್ನು ನೆನಪಿಸಿಕೊಳ್ಳಿ. ಎಲ್ಲ ಹೀಗೇ ಅಲ್ವಾ? ಮುಂಚೆ ನಾನು ಅದನ್ನು ನೋಡಿ ನಗುತ್ತಿದ್ದೆ. ಜನಕ್ಕೆ ಸಹಜವಾಗಿ ಇರಲು ಬರುವುದಿಲ್ಲ ಅಂತ. ಮೈಸೂರಿನ ಫೋಟೋಗ್ರಾಫರ್ ಟಿ.ಎಸ್. ಸತ್ಯನ್ ನನಗೆ ತುಂಬಾ ಇಷ್ಟ. 1977ರಲ್ಲಿ ಪದ್ಮಶ್ರೀ ಬಂದವರು, ಆದರೆ ಅವರ ಕ್ಯಾಮೆರಾ ತಿರುಗಿದ್ದೆಲ್ಲ ಸಾಮಾನ್ಯ ಜನರ ಕಡೆಗೆ. ಅವರ ಫೋಟೋ ನೋಡಿ ಬೆಳೆದವಳಿಗೆ ಹಲ್ಲು ಕಿರಿದು ನಿಲ್ಲುವ ಫೋಟೋ ಅಂದರೆ ಸ್ವಲ್ಪ ತಾತ್ಸಾರ ಇತ್ತು.

ಅವತ್ತು ಆ ತಾತ್ಸಾರ ಸ್ವಲ್ಪ ಇಳಿಯಿತು. ಕಾರಣ ಅಲ್ಲಿನ ಹಿರಿಯ ಟರ್ನರ್, ಲೇತ್ ನಡೆಸುವವರು. ಮೊದಲ ದಿನದಿಂದ ಇರುವ ಇಬ್ಬರಲ್ಲಿ ಒಬ್ಬರು. ಪಿಎಫ್ ಪಟ್ಟಿಯಲ್ಲಿ ಅವರದು ಒಂದನೇ ನಂಬರು. ಅವರ ಹೆಸರು ಕೂಗಿದಾಗ ವೇದಿಕೆಗೆ ಬರುವ ಮುಂಚೆ ಜೇಬಿನಿಂದ ಕಾಟನ್ ವೇಸ್ಟ್ ತೆಗೆದು ಕೈ ಒರೆಸಿಕೊಂಡರು. ಅವತ್ತು ಕೆಲಸವೇ ಇರಲಿಲ್ಲ, ಕೈಯಲ್ಲಿ ಏನೂ ಇರಲಿಲ್ಲ. ಹೆಬ್ಬೆರಳಿನ ಉಗುರಿನ ಸುತ್ತ ಕಪ್ಪು ಗೆರೆ ಇತ್ತು. ಅದು ಒರೆಸಿದರೆ ಹೋಗುವುದಲ್ಲ. ಮೈಸೂರು ಪೇಟ ಅವರ ತಲೆಗೆ ದೊಡ್ಡದಾಗಿ ಕಿವಿವರೆಗೆ ಇಳಿಯಿತು. ಶಾಲು, ಹಾರ, ಹಣ್ಣಿನ ಬುಟ್ಟಿ, ಬೆಳ್ಳಿ ಲೋಟ. ಎಲ್ಲ ಕೈಗೆ ಬಂದಮೇಲೆ ಅವರು ನನ್ನ ಕಡೆ ತಿರುಗಿದರು. ತಿರುಗಿ, ನೆಟ್ಟಗಾಗಿ, ಉಸಿರು ಹಿಡಿದು ನಿಂತರು. ಲೇತ್ ಮೇಲೆ ಕಡೆಯಬೇಕಾದ ತುಂಡನ್ನು ಸರಿಯಾಗಿ ನಡುಮಧ್ಯಕ್ಕೆ ಕೂರಿಸುವಾಗ ಹಾಗೆ ನಿಲ್ಲುತ್ತಾರೆ ಅಂತ ಆಮೇಲೆ ಯಾರೋ ಹೇಳಿದರು. ಸಹಜವಾಗಿರಿ ಅಂತ ಅವರಿಗೆ ಹೇಳಲು ನಾನು ಯಾರು? ಅವರು ಕ್ಯಾಮೆರಾವನ್ನು ನೋಡುತ್ತಿರಲಿಲ್ಲ. ಈ ಫೋಟೋವನ್ನು ಯಾರು ನೋಡುತ್ತಾರೋ ಅವರನ್ನು ನೋಡುತ್ತಿದ್ದರು. ನನಗೆ ಹಾಗನ್ನಿಸಿತು.

ಮನೆಗೆ ಬಂದು ದೊಡ್ಡದು ಮಾಡಿ ನೋಡಿದರೆ ಅವರ ಶಾಲಿನ ಮೇಲೆ, ಎದೆಯ ಹತ್ತಿರವೇ, ಅಂಗಡಿಯ ಬೆಲೆ ಚೀಟಿ ಅಂಟಿಕೊಂಡಿತ್ತು. 180 ರೂಪಾಯಿ. ಹದಿನಾಲ್ಕು ಫೋಟೋಗಳಲ್ಲಿ. ಹೊದಿಸಿದವರಿಗೂ ಗೊತ್ತಿಲ್ಲ, ಹೊದ್ದವರಿಗೂ ಗೊತ್ತಿಲ್ಲ, ಎದುರಿಗೇ ನಿಂತು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ ನನಗೂ ಕಾಣಲಿಲ್ಲ. ರಾತ್ರಿ ಎರಡರವರೆಗೆ ಕೂತು ಕಂಪ್ಯೂಟರಿನಲ್ಲಿ ಒಂದೊಂದಾಗಿ ಅಳಿಸಿದೆ. ಇದು ಸುಳ್ಳು ಅಂತ ನನಗೆ ಅನ್ನಿಸಲೇ ಇಲ್ಲ. ಆರನೇ ಬತ್ತಿ ಸುಳ್ಳು ಅನ್ನಿಸಿದರೆ ಇದೂ ಸುಳ್ಳೇ ಆಗಬೇಕು. ಆದರೆ ಅನ್ನಿಸಲಿಲ್ಲ. ಯಾಕೆ ಅಂತ ಯೋಚಿಸಿದ್ದೇನೆ, ಸರಿಯಾದ ಉತ್ತರ ಸಿಕ್ಕಿಲ್ಲ. ದೀಪ ನನ್ನ ತಪ್ಪು ಮುಚ್ಚಲು, ಚೀಟಿ ಅವರ ಮಾನಕ್ಕೆ. ಅಂತ ಒಮ್ಮೆ ಅಂದುಕೊಂಡೆ. ಅದೂ ನನಗೆ ಅನುಕೂಲವಾಗುವ ಉತ್ತರ.

(ಇನ್ನೊಂದು ವಿಷಯ. ಊಟ ಮಾಡುವವರ ಫೋಟೋ ತೆಗೆಯಬೇಡಿ. ಬಿಸಿಬೇಳೆಬಾತ್ ಬಾಯಿಗಿಡುವಾಗ ಯಾರೂ ಚೆಂದ ಕಾಣುವುದಿಲ್ಲ, ಬ್ಯಾಂಕ್ ಮ್ಯಾನೇಜರ್ ಕೂಡ. ನನ್ನ ಹತ್ತಿರ ಅಂಥ 31 ಫೋಟೋ ಇದ್ದವು. ಅಳಿಸಿದ್ದೇನೆ.)

ಮೂರನೇ ಸಾಲು

ಸನ್ಮಾನ ಮುಗಿಯುವ ಹೊತ್ತಿಗೆ ಫ್ಲ್ಯಾಶ್ ಸತ್ತೇ ಹೋಯಿತು. ಸೆಲ್ ತರಲು ಯಾರನ್ನಾದರೂ ಕಳಿಸಬಹುದಿತ್ತು. ಪೀಣ್ಯದಲ್ಲಿ ಪೆನ್ಸಿಲ್ ಸೆಲ್ ಸಿಗುವುದಿಲ್ಲವೇ? ಆದರೆ ದೀಪದ ವಿಷಯದಲ್ಲಿ ಒಂದು ಸಲ ಎಲ್ಲರನ್ನೂ ಕಾಯಿಸಿದ್ದೆ. ಮತ್ತೆ ಬಾಯಿ ತೆರೆಯಲು ಧೈರ್ಯ ಬರಲಿಲ್ಲ. ಫ್ಲ್ಯಾಶ್ ಬಿಚ್ಚಿ ಬ್ಯಾಗಿಗೆ ಹಾಕಿದೆ. ಲೆನ್ಸನ್ನು 1.8ಕ್ಕೆ ತೆರೆದೆ. ಬೆಳಕು ಸಾಕಷ್ಟು ಬಂತು. ಅರೆ, ಇಷ್ಟು ಸುಲಭ ಇತ್ತಾ ಅಂತ ಖುಷಿಯೇ ಆಯಿತು.

ಊಟಕ್ಕೆ ಮುಂಚೆ ಗ್ರೂಪ್ ಫೋಟೋ. ಮುಂದೆ ಎಂಟು ಕುರ್ಚಿ: ಅತಿಥಿಗಳು, ಮಾಲೀಕರು, ಅವರ ಮನೆಯವರು. ಕುರ್ಚಿ ಹಿಂದೆ ಆಫೀಸಿನವರು, ಸೂಪರ್‌ವೈಸರ್, ಹಿರಿಯರು. ಅವರ ಹಿಂದೆ ಪ್ಯಾಲೆಟ್ ವೇದಿಕೆ ಮೇಲೆ ಉಳಿದವರೆಲ್ಲ, ಟರ್ನರ್, ಫಿಟ್ಟರ್, ಹೆಲ್ಪರ್. ಕೊನೇ ಗಳಿಗೆಯಲ್ಲಿ ಮಾಲೀಕರ ಇಬ್ಬರು ಮೊಮ್ಮಕ್ಕಳು ಓಡಿ ಬಂದು ಕುರ್ಚಿಗಳ ಮುಂದೆ ನೆಲದ ಮೇಲೆ ಕೂತರು. ಎಲ್ಲರೂ ಅಯ್ಯೋ ಮುದ್ದು ಅಂದರು. ನಾನೂ ಅಂದೆ. ಮೂರು ಸಲ ಕ್ಲಿಕ್ ಮಾಡಿದೆ. ಸ್ಕ್ರೀನಿನಲ್ಲಿ ನೋಡಿದೆ. ಎಲ್ಲರ ಕಣ್ಣೂ ತೆರೆದಿವೆ. ಸೂಪರ್ ಅಂದೆ. ಸಾಲು ಚದುರಿ ಊಟಕ್ಕೆ ಹೋಯಿತು.

ಫೋಟೋ ಗೊತ್ತಿದ್ದವರಿಗೆ ಏನಾಯಿತು ಅಂತ ಈಗಾಗಲೇ ಗೊತ್ತಾಗಿರುತ್ತದೆ. ಅಪರ್ಚರ್ ಅಷ್ಟು ತೆರೆದರೆ ಫೋಕಸ್ ಆದ ಜಾಗದ ಹಿಂದೆ ಮುಂದೆ ಸ್ವಲ್ಪ ದೂರ ಮಾತ್ರ ಸ್ಪಷ್ಟವಾಗಿರುತ್ತದೆ. ಅದೇ 8ಕ್ಕೆ ಇಟ್ಟಿದ್ದರೆ ಮೂರೂ ಸಾಲು ಬರುತ್ತಿತ್ತು. ಫೋಕಸ್ ಎಲ್ಲಿ ಅಂತ ನಾನು ಹೇಳಿರಲಿಲ್ಲ, ಕ್ಯಾಮೆರಾಗೇ ಬಿಟ್ಟಿದ್ದೆ. ಅದು ತನಗೆ ಹತ್ತಿರ ಇದ್ದದ್ದನ್ನು ಹಿಡಿದುಕೊಂಡಿತು, ನೆಲದ ಮೇಲೆ ಕೂತ ಮಗುವಿನ ಮುಖ. ಮಗುವಿನ ರೆಪ್ಪೆಗಳನ್ನು ಎಣಿಸಬಹುದು. ಕುರ್ಚಿಯವರು ಸರಿ ಇದ್ದಾರೆ. ಎರಡನೇ ಸಾಲು ಸ್ವಲ್ಪ ಮೆತ್ತಗೆ. ಮೂರನೇ ಸಾಲು, ಮಗುವಿನಿಂದ ಹತ್ತು ಅಡಿ ಹಿಂದೆ, ಪೂರ್ತಿ ಮಂಜು.

ಮೊದಲಿಗೆ ಯಾರಿಗೂ ಗೊತ್ತಾಗಲಿಲ್ಲ. ಲಿಂಕ್ ಕಳಿಸಿದರೆ ಮಾಲೀಕರು “ಅದೆಲ್ಲ ಬೇಡ ಮೇಡಂ, ವಾಟ್ಸಾಪ್‌ಗೆ ಹಾಕಿ” ಅಂದರು. ಹಾಕಿದೆ. ಫೋನಿನ ಪರದೆಯಲ್ಲಿ ಆ ಮುಖಗಳು ಸಾಸಿವೆ ಕಾಳಿನಷ್ಟು. ಅಷ್ಟು ಚಿಕ್ಕದರಲ್ಲಿ ಮಂಜೂ ಒಂದೇ ಸ್ಪಷ್ಟವೂ ಒಂದೇ. ಎಲ್ಲರೂ ಕೈ ಮುಗಿದ ಗುರುತು, ಹೂವಿನ ಗುರುತು ಹಾಕಿದರು. ಮಾಲೀಕರು ನನಗೆ ಹೇಳದೆ ಲ್ಯಾಬಿಗೆ ಕೊಟ್ಟು 30 ಇಂಚಿಗೆ ಪ್ರಿಂಟ್ ಹಾಕಿಸಿದರು. ಮುಂದಿನ ತಿಂಗಳು ಫೈಲ್ ತರಲು ಹೋದಾಗ ಗೋಡೆ ನೋಡಿದೆ. ಹೊಟ್ಟೆಯಲ್ಲಿ ಚುಳ್ ಅಂತು. ಟೀ ತಂದ ಆಯಮ್ಮ “ಚೆನ್ನಾಗ್ ಬಂದೈತೆ” ಅಂದರು. ಅವರು ಎರಡನೇ ಸಾಲಿನ ತುದಿಯಲ್ಲಿದ್ದಾರೆ, ಅರ್ಧ ಕಾಣುತ್ತಾರೆ.

ಒಬ್ಬ ಹುಡುಗ ಡೆಲಿವರಿ ಚಲನ್ ಕೊಡಲು ಒಳಗೆ ಬಂದ. ನಾನು ಫೋಟೋ ಮುಂದೆ ನಿಂತಿರುವುದು ನೋಡಿ ಪಕ್ಕ ಬಂದು ನಿಂತ. ಮೂರನೇ ಸಾಲಿನಲ್ಲಿ ಒಂದು ಮುಖದ ಮೇಲೆ ಬೆರಳಿಟ್ಟು “ಇದು ನಾನು” ಅಂದ. ನಾನು ಸಾರಿ ಅಂದೆ. ಫೋಕಸ್ ತಪ್ಪಿದೆ, ನನ್ನದೇ ತಪ್ಪು ಅಂದೆ. “ಇರ್ಲಿ ಬಿಡಿ ಮೇಡಂ. ನನ್ ಹೆಸ್ರೇ ಮಂಜು ಅಲ್ವಾ” ಅಂತ ನಕ್ಕ.

ಪಟ್ಟಿಯಲ್ಲಿ ಮಂಜು ಅನ್ನುವವರು ಮೂವರಿದ್ದಾರೆ. ಇವನು ಯಾರು? ಹನ್ನೊಂದನೇ ನಂಬರಿನವನೋ, ಹದಿನಾರೋ? ನಾಲ್ಕು ವರ್ಷದಿಂದ ಇವನ ಸಂಬಳದಲ್ಲಿ ಶೇ. 0.75 ಇಎಸ್‌ಐಗೆ ಹಿಡಿದಿದ್ದೇನೆ. ಅವನ ಅಮ್ಮನ ಹೆಸರು ನನಗೆ ಗೊತ್ತು. ಅವರ ಮುಖಗಳು ಮೊದಲ ಸಲ ನನ್ನ ಎದುರು ಸಾಲಾಗಿ ನಿಂತಿದ್ದು ಅವತ್ತು. ಇಡೀ ಶೆಡ್ಡಿನಲ್ಲಿ ಅವರನ್ನು ಹೆಸರಿನಿಂದ ಗೊತ್ತಿದ್ದ ಹೊರಗಿನವಳು ನಾನೊಬ್ಬಳೇ. ಮಂಜು ಮಾಡಿದ್ದೂ ನಾನೇ. ದೀಪವನ್ನು ಎರಡನೇ ಸಲ ಹಚ್ಚಿಸಿದೆ, ಬ್ಯಾಂಕ್ ಮ್ಯಾನೇಜರನ್ನು ಬಗ್ಗಿ ನಿಲ್ಲಿಸಿದೆ. ಈ ಸಾಲನ್ನು ಮಾತ್ರ ಇನ್ನೊಂದು ಸಲ ನಿಲ್ಲಿಸುವುದು ನನಗೆ ಹೊಳೆಯಲಿಲ್ಲ. ಸ್ಕ್ರೀನಿನಲ್ಲಿ ಫೋಟೋ ದೊಡ್ಡದು ಮಾಡಿ ನೋಡಲು ಒಂದು ಬಟನ್ ಇದೆ. ದೀಪದ ಫೋಟೋಗೆ ಅದನ್ನು ಒತ್ತಿ ಮ್ಯಾನೇಜರ್ ಮುಖ ನೋಡಿದ್ದೆ. ಇದಕ್ಕೆ ಕಣ್ಣು ಮುಚ್ಚಿಲ್ಲ ಅಂತ ನೋಡಿದ್ದಷ್ಟೇ, ಅದೂ ಕುರ್ಚಿಯವರದು. ಅಭ್ಯಾಸ ಇಲ್ಲದವಳು ಅಂತ ಎಷ್ಟು ದಿನ ಹೇಳಿಕೊಳ್ಳಲಿ? ಅಪರ್ಚರ್ ವಿಷಯದಲ್ಲಿ ಸರಿ, ಅಭ್ಯಾಸ ಇರಲಿಲ್ಲ. ಯಾರ ಮುಖ ದೊಡ್ಡದು ಮಾಡಿ ನೋಡಬೇಕು ಅನ್ನುವುದಕ್ಕೆ ಕ್ಯಾಮೆರಾ ಅಭ್ಯಾಸ ಬೇಕಿರಲಿಲ್ಲ.

ಮಾಲೀಕರಿಗೆ ಹೇಳಿದೆ. ಇನ್ನೊಂದು ಸಲ ತೆಗೆದುಕೊಡುತ್ತೇನೆ, ದುಡ್ಡು ಬೇಡ ಅಂದೆ. ಮೊದಲ ಸಲ ಪೆಟ್ರೋಲ್ ಖರ್ಚಿಗೆ ಅಂತ ಕವರ್‌ನಲ್ಲಿ 2,000 ಕೊಟ್ಟಿದ್ದರು, ಮೆಟ್ರೋದಲ್ಲಿ ಬಂದವಳಿಗೆ. “ಆಯುಧ ಪೂಜೆಗೆ ಬನ್ನಿ ಮೇಡಂ, ಅವತ್ತು ಎಲ್ರೂ ಸಿಗ್ತಾರೆ” ಅಂದರು. ಹೋದೆ. ಎಂಟು ಸೆಲ್ ತಗೊಂಡು ಹೋದೆ, ಬೇಕಾಗಲಿಲ್ಲ. ಶೆಡ್ಡಿನ ಹೊರಗೆ, ನೆರಳಲ್ಲಿ, ಬೂದುಗುಂಬಳಕಾಯಿ ಒಡೆದ ಜಾಗದಿಂದ ಸ್ವಲ್ಪ ಆಚೆ ನಿಲ್ಲಿಸಿದೆ. ಕುರ್ಚಿ ಹಾಕಿಸಲಿಲ್ಲ. ಟ್ರೈಪಾಡ್, ಅಪರ್ಚರ್ 8, ಫೋಕಸ್ ನಡುವಿನ ಸಾಲಿಗೆ. ಒಂದೊಂದು ಮುಖ ದೊಡ್ಡದು ಮಾಡಿ ನೋಡಿ ಆಮೇಲೆ ಬಿಟ್ಟೆ. ಎಲ್ಲರೂ ಬಂದಿದ್ದಾರೆ. ಹಣೆಯ ಕುಂಕುಮವೂ ಕಾಣುತ್ತದೆ. ಆದರೆ 20 ಜನ. ಒಬ್ಬ ಹುಡುಗ ಜೂನ್‌ನಲ್ಲಿ ಬಿಟ್ಟು ಊರಿಗೆ ಹೋದ. ಹಿರಿಯ ಟರ್ನರ್‌ಗೆ 58 ಆಯಿತು, ಆಗಸ್ಟ್‌ನಲ್ಲಿ ನಿಂತರು. ನನಗೆ ಅದು ಅಲ್ಲಿ ಹೋಗಿ ತಿಳಿಯಬೇಕಿರಲಿಲ್ಲ. ಪಿಎಫ್ ಪೋರ್ಟಲ್‌ನಲ್ಲಿ ಅವರಿಬ್ಬರ ಕೆಲಸ ಬಿಟ್ಟ ದಿನಾಂಕ ಹಾಕಿದ್ದು ನಾನೇ.

ಹೊಸ ಫೋಟೋ ಪ್ರಿಂಟ್ ಮಾಡಿಸಿ ಕೊಟ್ಟಿದ್ದೇನೆ. ಅದನ್ನು ಆಫೀಸಿನಲ್ಲಿ ಹಾಕಿಲ್ಲ, ಒಳಗೆ ಟೈಮ್ ಕಾರ್ಡ್ ಇಡುವ ಜಾಗದಲ್ಲಿ ಹಾಕಿದ್ದಾರೆ. ಹಳೆಯದು ಇದ್ದಲ್ಲೇ ಇದೆ. ತೆಗೆದುಬಿಡಿ ಅಂದರೆ ಮಾಲೀಕರು ಕಟ್ಟು ಹಾಕಿಸಿದ ಖರ್ಚು ಹೇಳಿದರು.

ಮೊನ್ನೆ ಆ ಸೇಲ್ಸ್‌ನವರು ಹೋದಮೇಲೆ ನಾನು ಮತ್ತೆ ಅದರ ಮುಂದೆ ನಿಂತೆ. ಈಗ ಮಂಜಿನೊಳಗೂ ಗುರುತು ಸಿಗುತ್ತದೆ. ನಿಲ್ಲುವ ಭಂಗಿ, ಹೆಗಲು, ಕೂದಲಿನ ಬೈತಲೆ. ಪಟ್ಟಿ ನಂಬರಿನ ಪ್ರಕಾರ ಹೆಸರು ಹೇಳಿಕೊಳ್ಳುತ್ತಾ ಎಣಿಸಿದೆ. ಎರಡನೇ ಸಾಲಿನಲ್ಲಿ ಒಂಬತ್ತು, ಮೂರನೆಯದರಲ್ಲಿ ಹದಿನಾಲ್ಕು. ಒಟ್ಟು 23. ಪಟ್ಟಿಯಲ್ಲಿ 22. ಮತ್ತೆ ಎಣಿಸಿದೆ. 23. ಮೂರನೇ ಸಾಲಿನಲ್ಲಿ ಎಡದಿಂದ ನಾಲ್ಕನೆಯವನ ಹೆಸರು ನನ್ನ ಹತ್ತಿರ ಇಲ್ಲ. ಮಂಜುನನ್ನು ಕರೆದು ಕೇಳಿದೆ. ಅವನು ಮೂಗು ತಾಗುವಷ್ಟು ಹತ್ತಿರ ಹೋದ, ಆಮೇಲೆ ಬಾಗಿಲವರೆಗೆ ಹಿಂದೆ ಬಂದ, ತಲೆ ವಾಲಿಸಿ ನೋಡಿದ.

“ನಮ್ಮೋನಲ್ಲ ಮೇಡಂ. ಕೇಟರಿಂಗ್ ಹುಡುಗ ಇರ್ಬೇಕು” ಅಂದ. “ನೋಡಿ, ಕೈಯಲ್ಲಿ ಏನೋ ಹಿಡ್ಕೊಂಡವ್ನೆ. ಸೌಟು.”